ಕೈ ಅಡ್ಡ ತಂದವಳು

ಫೆಬ್ರವರಿ 6

ಸೊಸೆ ಅನ್ನಿಸಿಕೊಂಡವಳಿಗೆ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ, ಅಲ್ಲಿ ನೀನು ಹೇಗಿದ್ದೀಯ ಅಂತ ಕೇಳೋ ಕಾಗದ ಇದಲ್ಲ. ಇಲ್ಲಿ ಯಾರೂ ಚೆನ್ನಾಗಿಲ್ಲ. ನಿನ್ನ ಫೋನು ಸತ್ತು ಮೂರು ವಾರ ಆಯ್ತು. ನೀನೆಲ್ಲಿದ್ದೀಯ ಅಂತ ನಿನ್ನ ಅಣ್ಣನನ್ನ ಕೇಳಿದರೆ ಬಾಯಿಗೆ ಬೀಗ ಹಾಕಿಕೊಂಡವನ ಹಾಗೆ ಕೂತ. ಮೊನ್ನೆ ನನ್ನ ಮಗನ ಕೈಗೆ ಕೋರ್ಟಿನ ನೋಟೀಸು ಬಂತಲ್ಲ, ಅದರ ಕೆಳಗೆ ನಿನ್ನ ವಕೀಲೆಯ ವಿಳಾಸ ಇತ್ತು. ಅಲ್ಲಿಗೇ ಹಾಕ್ತಿದ್ದೀನಿ. ಅವಳೂ ಓದಲಿ, ನನಗೇನು ನಾಚಿಕೆ ಇಲ್ಲ.

ಏನಮ್ಮ ಬರೆಸಿದ್ದೀಯ ಅದರಲ್ಲಿ? ಹೊಡೆದ, ಕೂಡಿಹಾಕಿದ, ಕೈ ಮುರಿದ! ಓದ್ತಾ ಓದ್ತಾ ಯಾವನೋ ರೌಡಿ ಬಗ್ಗೆ ಓದ್ತಿದ್ದೀನಿ ಅನ್ನಿಸ್ತು. ಅವನ ಔಷಧಿ ಅಂಗಡಿಯ ಮುಂದೆ ಹೋಗಿ ನಿಂತು ಕೇಳು, ಒಬ್ಬೇ ಒಬ್ಬ ಗಿರಾಕಿ ಅವನ ಬಗ್ಗೆ ಕೆಟ್ಟ ಮಾತಾಡಲಿ ನೋಡೋಣ. ಕಣ್ಣು ಕಾಣದ ಮುದುಕರಿಗೆ ಮಾತ್ರೆ ಪೊಟ್ಟಣದ ಮೇಲೆ ಬೆಳಗ್ಗೆ, ಸಂಜೆ ಅಂತ ದಪ್ಪಕ್ಷರದಲ್ಲಿ ಬರೆದುಕೊಡೋ ಹುಡುಗ ಅವನು.

ಮುಂಗೋಪಿ, ಒಪ್ಪಿಕೊಳ್ತೀನಿ. ಅವನಪ್ಪನ ಹಾಗೇ. ನಾನು ಇಪ್ಪತ್ತೆಂಟು ವರ್ಷ ಅವರ ಜೊತೆ ಬಾಳಲಿಲ್ವಾ? ಆಸ್ಪತ್ರೆಯಲ್ಲಿ ದಾದಿ ಕೆಲಸ ಮಾಡಿಕೊಂಡು, ಮಗನನ್ನ ಸಾಕಿಕೊಂಡು? ನಿನಗೆ ಮೂರು ವರ್ಷಕ್ಕೇ ಸಾಕಾಗಿ ಹೋಯ್ತು.

ಅವನು ಸ್ನಾನಕ್ಕೆ ಹೋಗಿದ್ದಾಗ ಬಾಗಿಲು ತೆಗೆದುಕೊಂಡು ಹೋದೆಯಂತೆ. ಒಂದು ಮಾತು ನನಗೆ ಹೇಳಬಾರದಿತ್ತಾ? ನಾನು ನಿನ್ನನ್ನ ಮಗಳ ಹಾಗೆ ನೋಡಿಕೊಳ್ಳಲಿಲ್ವಾ? ಈಗ ನನ್ನ ಮನೆಗೆ ಬೀಗ ಹಾಕಿ ಇಲ್ಲಿ ಬಂದು ಕೂತಿದ್ದೀನಿ, ಅವನಿಗೆ ಬೇಯಿಸಿ ಹಾಕೋಕೆ. ಸೊರಗಿ ಕಡ್ಡಿಯಾಗಿದ್ದಾನೆ.

ನೋಟೀಸು ವಾಪಸ್ ತೆಗೆದುಕೊಂಡು ಮನೆಗೆ ಬಾ. ಆಗಿದ್ದು ಆಗಿಹೋಯ್ತು.

ನಿನ್ನ ಅತ್ತೆ


ಫೆಬ್ರವರಿ 20

ಅತ್ತೆಯವರಿಗೆ,

ಉತ್ತರ ಕೊಡೋ ಅಗತ್ಯ ಇಲ್ಲ ಅಂದ್ರು ವಕೀಲೆ. ಆದ್ರೆ ಒಂದು ವಾರದಿಂದ ಹಲ್ಲುಜ್ಜೋವಾಗ, ಬಟ್ಟೆ ಒಗೆಯೋವಾಗ ನಿಮ್ಮ ಕಾಗದದ ಜೊತೆ ಮನಸ್ಸಲ್ಲೇ ಜಗಳ ಆಡಿ ಆಡಿ ಸುಸ್ತಾಗಿದೆ. ಬರೆದು ಮುಗಿಸಿಬಿಡ್ತೀನಿ.

ನಾನಿರೋದು ಹೆಂಗಸರ ಆಸರೆಮನೆಯಲ್ಲಿ. ಯಾವ ಬೀದಿ ಅಂತ ಹೇಳೋದಿಲ್ಲ. ಕೋಣೆಯಲ್ಲಿ ನಾಲ್ಕು ಮಂಚ, ಒಂದು ಕಿಟಕಿ. ಫೋನು ನಾನೇ ಆರಿಸಿ ದಾರಿಯಲ್ಲಿ ಎಸೆದು ಬಂದೆ, ನಾನೆಲ್ಲಿದ್ದೀನಿ ಅಂತ ತೋರಿಸೋದನ್ನ ಅದರೊಳಗೆ ನಿಮ್ಮ ಮಗ ಹಾಕಿಟ್ಟಿದ್ದ. ಅದಕ್ಕೇ ಈ ಕಾಗದ, ಪೆನ್ನು.

ಮೊದಮೊದಲು ನನಗೂ ಇದು ಏನು ಅಂತ ಗೊತ್ತಿರಲಿಲ್ಲ. ಸೋಫಾ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗ್ತಿದ್ದೆನಲ್ಲ, ಅರ್ಧ ಗಂಟೆಗೊಮ್ಮೆ ಫೋನ್ ಮಾಡ್ತಿದ್ದ. ನಮ್ಮವರಿಗೆ ನನ್ನ ಮೇಲೆ ಜೀವ ಅಂತ ಜಂಬ ಕೊಚ್ಚಿಕೊಳ್ತಿದ್ದೆ. ಅಂಗಡಿ ಯಜಮಾನಿಗೆ ನಾವೆಲ್ಲ ಮೊಳೆಯಮ್ಮ ಅಂತೀವಿ, ಯಾವಾಗಲೂ ತುಟಿ ಮಧ್ಯೆ ನಾಲ್ಕು ಮೊಳೆ ಇಟ್ಟುಕೊಂಡೇ ಮಾತಾಡೋದು. ಒಂದು ದಿನ ಅವರು ಮೊಳೆಗಳನ್ನ ಬಾಯಿಂದ ತೆಗೆದು ಕೇಳಿದ್ರು, "ನಿನ್ನ ಗಂಡನ ಫೋನು ಬಂದ್ರೆ ನೀನು ಯಾಕೆ ಎದ್ದು ನಿಲ್ತೀಯ?"

ನಾನು ಎದ್ದು ನಿಲ್ತಿದ್ದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ಕೆಲಸ ಬಿಡಿಸಿದ. ಅಣ್ಣ ಬಂದ್ರೆ ಮುಖ ಸಿಂಡರಿಸಿ ಅವನು ಬರೋದನ್ನೇ ನಿಲ್ಲಿಸಿದ. ದಿನಸಿ ಅಂಗಡಿಗೆ ಹೋದ್ರೆ ಅಲ್ಲಿಂದ ಫೋಟೋ ಕಳಿಸಬೇಕು. ಉಗ್ರಾಣದ ಕೋಣೆಯಲ್ಲಿ ಕೂಡಿಹಾಕಿ ಕೆಲಸಕ್ಕೆ ಹೋಗಿದ್ದಾನೆ, ಎಷ್ಟು ಸಲ ಅಂತ ನೋಟೀಸಲ್ಲಿ ಬರೆಸಿದ್ದೀನಿ. ಪ್ರತಿ ಸಲ ಬಾಗಿಲು ತೆಗೆದಾಗಲೂ ಒಂದೇ ಮಾತು, "ನೀನೇ ಅಲ್ವಾ ನನಗೆ ಕೋಪ ಬರಿಸೋದು?" ಕೇಳಿ ಕೇಳಿ ಹೌದು ಅಂತ ನಂಬಿಬಿಟ್ಟಿದ್ದೆ. ನನ್ನ ಕೈ ಮುರಿದವನೇ ಒಂದು ವಾರ ನನಗೆ ತುತ್ತು ಮಾಡಿ ತಿನ್ನಿಸಿದ, ಅತ್ತ, ನಾನೇ ಅವನನ್ನ ಸಮಾಧಾನ ಮಾಡಿದೆ. ಇದನ್ನ ಬರೆಯೋವಾಗ ಈಗ ನನ್ನ ಮೇಲೆ ನನಗೇ ರೋಷ ಉಕ್ಕಿ ಬರ್ತಿದೆ.

ಕೈ ಅಂದೆನಲ್ಲ, ಅದಕ್ಕೇ ಈ ಕಾಗದ. ಮಾರನೇ ದಿನ ನೀವು ಬಂದ್ರಿ. ಎಕ್ಸ್-ರೇ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ್ರಿ. ಬಚ್ಚಲಲ್ಲಿ ಜಾರಿ ಬಿದ್ಲು ಅಂತ ಅವನು ಹಿಂದಿನಿಂದ ಹೇಳ್ತಾನೇ ಇದ್ದ. ನೀವು ಎಕ್ಸ್-ರೇ ನೋಡಿದ್ರಿ, ನನ್ನ ನೋಡಿದ್ರಿ, ಆಮೇಲೆ ಅದನ್ನ ಲಕೋಟೆಗೆ ಸೇರಿಸಿ "ಒಂದು ಲೋಟ ಟೀ ಸಿಗುತ್ತಾ?" ಅಂದ್ರಿ.

ಮೂಳೆ ವಾರ್ಡಿನಲ್ಲೇ ತಲೆ ಹಣ್ಣಾದವರು ನೀವು. ನಿಮಗೆ ಗೊತ್ತಾಯ್ತು. ನಿಮಗೆ ಗೊತ್ತಾಗಿದ್ದು ನನಗೂ ಗೊತ್ತಾಯ್ತು. ಒಂದೇ ಕೈಯಲ್ಲಿ ಟೀ ಮಾಡಿ ತಂದೆ.

ಮಗಳ ಹಾಗೆ ಅಂತ ಇನ್ನೊಮ್ಮೆ ಬರೀಬೇಡಿ.

ನಿಮ್ಮ ಮಗನನ್ನ ಬಿಟ್ಟು ಬಂದವಳು


ಮಾರ್ಚ್ 1

ಸೊಸೆಗೆ,

ಏನು ಸೊಕ್ಕು ನಿನಗೆ! ನನ್ನ ಕಣ್ಣೊಳಗೆ ಇಳಿದು ನೋಡಿದವಳ ಹಾಗೆ ಬರೆದಿದ್ದೀಯಲ್ಲ, ನಾನು ಏನು ನೋಡಿದೆ, ಏನು ನೋಡಲಿಲ್ಲ ಅಂತ ನಿನಗೇನು ಗೊತ್ತು? ಬೆಳಕು ಸರಿ ಇರಲಿಲ್ಲ. ನನ್ನ ಕನ್ನಡಕವೂ ಹಳೇದು.

ಇಷ್ಟು ಕೇಳಿಸಿಕೋ. ಜೂನ್‌ನಲ್ಲಿ ವಿಚಾರಣೆ. ನಾನು ಸಾಕ್ಷಿ ಹೇಳ್ತೀನಿ. ಆ ದಿನ ನಾನು ಮನೆಯಲ್ಲೇ ಇದ್ದೆ, ಅವಳು ಜಾರಿದ್ದನ್ನ ಕಣ್ಣಾರೆ ಕಂಡೆ ಅಂತ ಹೇಳ್ತೀನಿ. ಮೂವತ್ತೊಂದು ವರ್ಷ ಸೇವೆ ಮಾಡಿದ ದಾದಿಯ ಮಾತು ನಂಬ್ತಾರೋ, ಮನೆ ಬಿಟ್ಟು ಓಡಿಹೋದವಳ ಮಾತು ನಂಬ್ತಾರೋ ನೋಡೇಬಿಡೋಣ.

ಅತ್ತೆ


ಮಾರ್ಚ್ 9

ಹೇಳಿ. ಧಾರಾಳವಾಗಿ ಹೇಳಿ. ನಾನು ಎದುರಿನ ಬೆಂಚಲ್ಲೇ ಕೂತು ನಿಮ್ಮ ಮುಖ ನೋಡ್ತಾ ಇರ್ತೀನಿ.

ಇನ್ನು ಬರೆಯೋದಿಲ್ಲ.


ಏಪ್ರಿಲ್ 3

ಮಗು,

ಹಾಗೆ ಕರೆಯಬೇಡಿ ಅಂತೀಯೇನೋ. ಬೇರೆ ಏನು ಬರೆಯಲಿ ಅಂತ ತಿಳಿಯದೆ ಬರೆದೆ.

ಮನೆಯ ವಿಳಾಸಕ್ಕೆ ಉತ್ತರ ಹಾಕಬೇಡ, ಈಗ ಕಾಗದಗಳನ್ನ ಅವನೇ ಒಡೆದು ಓದ್ತಾನೆ. ನಿನ್ನ ಮೊದಲಿನ ಎರಡು ಬಂದಾಗ ಪುಣ್ಯಕ್ಕೆ ಅಂಗಡಿಯಲ್ಲಿದ್ದ. ಇದನ್ನ ಬಿಪಿ ನೋಡೋ ಚಿಕಿತ್ಸಾಲಯದ ಬೆಂಚಿನ ಮೇಲೆ ಕೂತು ಬರೀತಿದ್ದೀನಿ. ಇಲ್ಲಿನ ದಾದಿ ನನ್ನ ಕೈಕೆಳಗೆ ಕೆಲಸ ಕಲಿತವಳು. ಬುಧವಾರ ಬುಧವಾರ ಬರ್ತೀನಿ, ಅವಳ ಹೆಸರಿಗೆ ಹಾಕು.

ಮೊದಲ ತಿಂಗಳು ಏನೂ ಅನ್ನಿಸಲಿಲ್ಲ. ತರಕಾರಿ ತರೋಕೆ ನಲವತ್ತು ನಿಮಿಷ ಯಾಕೆ ಬೇಕು ಅಂತ ಕೇಳಿದ. ನಕ್ಕೆ. ಮಾರನೇ ವಾರವೂ ಕೇಳಿದ. ಆಗ ನಗು ಬರಲಿಲ್ಲ. ಫೋನು ನಿಧಾನ ಆಗಿದೆ, ಸರಿ ಮಾಡಿಸ್ತೀನಿ ಅಂತ ತೆಗೆದುಕೊಂಡು ಹೋದವನು ಇವತ್ತಿಗೂ ಕೊಟ್ಟಿಲ್ಲ. ಒಂದು ಬೆಳಗ್ಗೆ ಟೀಗೆ ಸಕ್ಕರೆ ಕಮ್ಮಿ ಆಯ್ತು ಅಂತ ನನ್ನ ಮುಖ ನೋಡ್ತಾ ನೋಡ್ತಾ ಲೋಟದ ಟೀಯನ್ನೆಲ್ಲ ಸಿಂಕಿಗೆ ಸುರಿದ, ನಿಧಾನಕ್ಕೆ, ಎಳೆಯಾಗಿ. ಕೂಗಾಡಲಿಲ್ಲ. ಕೂಗಾಡಿದ್ರೆ ನನಗೆ ಬೇಗ ಅರ್ಥ ಆಗ್ತಿತ್ತೇನೋ. ಹೋದ ವಾರ ಗೇಟಿನ ಸದ್ದು ಕೇಳ್ತು, ಕೈಯಲ್ಲಿದ್ದ ಬಟ್ಟೆ ಹಾಗೇ ಬಿಟ್ಟು ಎದ್ದು ನಿಂತೆ. ನಿನ್ನ ಮೊಳೆಯಮ್ಮ ಬಂದು ಎದುರಿಗೆ ನಿಂತು ಕೇಳಿದ ಹಾಗಾಯ್ತು.

ಭಾನುವಾರ ಅವನ ವಕೀಲನ ಹತ್ತಿರದಿಂದ ಒಂದು ಹಾಳೆ ತಂದ. ನಾನು ಹೇಳಬೇಕಾದ ಸಾಕ್ಷಿ. ಶಾಲೆ ಮಕ್ಕಳು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಬೇಕು. ಕಾಲು ಜಾರಿತು, ಅಂಗೈ ಊರಿ ಬಿದ್ದಳು, ಮೂಳೆ ಮುರಿಯಿತು. ಮೂರು ಸಲ ಒಪ್ಪಿಸಿದೆ. ನಾಲ್ಕನೇ ಸಲಕ್ಕೆ ನನ್ನ ಬಾಯಿ ತಡೆಯಲಿಲ್ಲ. "ಅಂಗೈ ಊರಿ ಬಿದ್ರೆ ಮಣಿಕಟ್ಟಿನ ಹತ್ತಿರ ಹೆಬ್ಬೆರಳ ಕಡೆ ಮೂಳೆ ಮುರಿಯುತ್ತೆ ಕಣೋ. ಅವಳದ್ದು ಮುರಿದಿದ್ದು ಕಿರುಬೆರಳ ಕಡೇದು, ಮುಂಗೈಯ ನಟ್ಟನಡುವೆ" ಅಂದೆ.

"ಯಾವುದೋ ಒಂದು ಮೂಳೆ. ಬರೆದಿರೋದನ್ನ ಹೇಳು ಸಾಕು."

"ಅವಳ ವಕೀಲೆ ಕೇಳಿದ್ರೆ ಏನಂತ ಹೇಳಲಿ? ಅದು ಬಿದ್ದು ಮುರಿಯೋ ಜಾಗ ಅಲ್ಲ."

ಮೇಜು ಗುದ್ದಿ ಎದ್ದ. "ಅವಳು ಕೈ ಅಡ್ಡ ತಂದ್ಲು! ತರದೇ ಇದ್ದಿದ್ರೆ ಮುರೀತಿತ್ತಾ?"

ತರದೇ ಇದ್ದಿದ್ರೆ ಆ ಏಟು ನಿನ್ನ ತಲೆಗೆ ಬೀಳ್ತಿತ್ತು.  ತನ್ನ ಬಾಯಿಂದ ಏನು ಬಂತು ಅಂತ ಅವನಿಗೂ ಗೊತ್ತಾಯ್ತು. ನನ್ನ ತೋಳು ಹಿಡಿದು ಎಬ್ಬಿಸಿದ. ಬಿಡು ಅಂದೆ, ಇನ್ನೂ ಬಿಗಿ ಮಾಡಿದ. "ನೀನೇ ಅಲ್ವಾ ನನಗೆ ಕೋಪ ಬರಿಸೋದು" ಅಂದ. ಆಮೇಲೆ ತನ್ನ ಅಂಗಡಿಯಿಂದಲೇ ಮುಲಾಮು ತಂದು ತಾನೇ ಹಚ್ಚಿದ.

ಆ ಮಾತು ನಾನು ಮೊದಲು ಕೇಳಿದ್ದು ನಿನ್ನ ಕಾಗದದಲ್ಲಿ ಅಲ್ಲ. ಅವನಪ್ಪನ ಬಾಯಲ್ಲಿ. ಬಿರುಬೇಸಿಗೆಯಲ್ಲೂ ಯೂನಿಫಾರ್ಮಿನ ಮೇಲೆ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ವಾರ್ಡಿಗೆ ಹೋಗ್ತಿದ್ದೆ, ಶೀತದ ಮೈ ಅಂತ ಎಲ್ಲರಿಗೂ ಹೇಳ್ತಿದ್ದೆ. ನನ್ನ ಹಾಗೇ ಇದ್ದ ಹೆಂಗಸರು ನನ್ನ ಮೇಜಿನ ಮುಂದೆ ಬಂದು ಕೂರ್ತಿದ್ರು. ಪಕ್ಕದಲ್ಲಿ ನಿಂತ ಗಂಡ ಹೇಳಿದ್ದನ್ನೇ ಬರೆದುಕೊಳ್ತಿದ್ದೆ. ಜಾರಿ ಬಿದ್ದದ್ದು. ಮೆಟ್ಟಿಲಿಂದ ಬಿದ್ದದ್ದು. ನನ್ನ ಅಕ್ಷರ ತುಂಬಾ ದುಂಡಗೆ ಅಂತ ಡಾಕ್ಟರು ಹೊಗಳ್ತಿದ್ರು. ಆ ಕೈ ಕತ್ತರಿಸಿ ಹಾಕೋಣ ಅನ್ನಿಸ್ತಿದೆ.

ಬೆಳಕು ಚೆನ್ನಾಗಿತ್ತು ಮಗು. ಕನ್ನಡಕವೂ ಹೊಸದೇ.

ನಿನ್ನ ಅತ್ತೆ


ಏಪ್ರಿಲ್ 8

ಅತ್ತೆ,

ನಿಮ್ಮ ಕಾಗದ ಓದಿ ನನಗೆ ಅಳು ಬರಲಿಲ್ಲ, ಮೈ ಉರಿದುಹೋಯ್ತು. ನಿಮ್ಮ ತೋಳು ಹಿಡಿದ ಮೇಲೆ ನಿಮಗೆ ಅರ್ಥ ಆಯ್ತು. ನನ್ನ ಕೈ ಮುರಿದಾಗ ಆಗಲಿಲ್ಲ. ಎರಡು ವರ್ಷದ ಹಿಂದೆ ನೀವು ಒಂದೇ ಒಂದು ಮಾತು ಆಡಿದ್ದಿದ್ರೆ ನಾನು ಅವತ್ತೇ ಚಪ್ಪಲಿ ಮೆಟ್ಟಿ ಹೊರಡ್ತಿದ್ದೆ. ಆ ಎರಡು ವರ್ಷವನ್ನ ನನಗೆ ಯಾರು ತಂದುಕೊಡ್ತಾರೆ?

ಇಷ್ಟು ಬರೆದು ಕಾಗದ ಮಡಿಚಿಟ್ಟಿದ್ದೆ. ಪಕ್ಕದ ಮಂಚದವಳು, ಶಾಲೆಯಲ್ಲಿ ಟೈಪಿಸ್ಟ್ ಆಗಿದ್ದವಳು, "ಯಾರು, ನಿನ್ನ ಅತ್ತೇನಾ?" ಅಂದ್ಲು. ಹೌದು ಅಂದೆ. "ಅಲ್ಲೇ ಇದ್ದಾರಾ ಇನ್ನೂ?" ಅಂತ ಕೇಳಿದ್ಲು. ಆಗ ಮತ್ತೆ ಬಿಚ್ಚಿದೆ.

ನೀವು ಅಲ್ಲಿರಬೇಡಿ. ಸಾಕ್ಷಿ ಹೇಳೋದಿಲ್ಲ ಅಂತ ಅವನ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡೋಣ ಅಂತ ನಿಮಗೆ ಅನ್ನಿಸ್ತಿರುತ್ತೆ. ಬಾಯಿ ಬಿಡಬೇಡಿ. ಹೊರಡ್ತಾರೆ ಅಂತ ಗೊತ್ತಾದಾಗಲೇ ಇಂಥವರ ಕೈ ಹೆಚ್ಚು ಮುಂದಾಗೋದು, ಇಲ್ಲಿರೋ ಒಬ್ಬೊಬ್ಬರ ಕಥೆಯೂ ಅದೇ. ಪಾಠ ಒಪ್ಪಿಸ್ತಾ ಇರಿ. ಪಿಂಚಣಿ ಪುಸ್ತಕ, ಗುರುತಿನ ಚೀಟಿ, ಬಿಪಿ ಮಾತ್ರೆ, ನಿಮ್ಮ ಮನೆಯ ಬೀಗದ ಕೈ ಇವನ್ನ ಬುಧವಾರಕ್ಕೆ ಎರಡರಂತೆ ಕೈಚೀಲದಲ್ಲಿ ತಂದು ಆ ದಾದಿಯ ಹತ್ತಿರ ಇಡಿ. ಪೆಟ್ಟಿಗೆ, ಸೀರೆ ಅಂತ ಆಸೆ ಪಡಬೇಡಿ. ತೋಳಿನ ಗುರುತು ಹೋಗೋ ಮೊದಲು ಅವಳ ಕೈಲಿ ಫೋಟೋ ತೆಗೆಸಿ, ಚಿಕಿತ್ಸಾಲಯದ ಚೀಟಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿ. ಈ ಕಾಗದದ ಹಿಂದೆ ನಮ್ಮ ವಕೀಲೆಯ ಫೋನ್ ನಂಬರು, ಹೆಂಗಸರ ಸಹಾಯವಾಣಿಯ ನಂಬರು ಎರಡೂ ಬರೆದಿದ್ದೀನಿ. ಚಿಕಿತ್ಸಾಲಯದಿಂದಲೇ ಮಾಡಿ. ಬಾಯಿಪಾಠ ಮಾಡಿಕೊಂಡು ಈ ಕಾಗದ ಹರಿದುಹಾಕಿ.

ಸಹಾಯವಾಣಿಯಲ್ಲಿ ಫೋನ್ ಎತ್ತೋ ಹೆಂಗಸು "ನೀವು ಈಗ ಸುರಕ್ಷಿತವಾಗಿದ್ದೀರಾ?" ಅಂತ ಮೊದಲು ಕೇಳ್ತಾಳೆ. ನಾನು ಹೌದು ಅಂತ ಸುಳ್ಳು ಹೇಳಿದ್ದೆ. ನೀವು ಹೇಳಬೇಡಿ.

ನಿಮ್ಮ ಮೇಲಿನ ಕೋಪ ಇಳಿದಿದೆ ಅಂತ ತಿಳಿಯಬೇಡಿ.

ನಿಮ್ಮ ಸೊಸೆ


ಏಪ್ರಿಲ್ 25

ಮಗು,

ಮೊನ್ನೆ ಬುಧವಾರ ಬಿಪಿ ತೋರಿಸೋಕೆ ಹೋದವಳು ವಾಪಸ್ ಹೋಗಲಿಲ್ಲ. ಈಗ ನನ್ನ ಮನೆಯಲ್ಲಿದ್ದೀನಿ. ಬೀಗ ಬದಲಾಯಿಸಿದೆ. ಎದುರು ಮನೆಯ ಬಡಗಿ ಬಾಗಿಲಿಗೆ ಒಳಗಿಂದ ಅಡ್ಡಪಟ್ಟಿ ಜಡಿದುಕೊಟ್ಟ. "ಯಾರಿಂದ ಭಯ ನಿಮಗೆ?" ಅಂದ. "ನನ್ನ ಮಗನಿಂದ" ಅಂದೆ. ಅದನ್ನ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಕಾಶ ಏನೂ ಕಳಚಿ ಬೀಳಲಿಲ್ಲ.

ಸಹಾಯವಾಣಿಯವಳು ನೀನು ಹೇಳಿದ ಹಾಗೇ ಕೇಳಿದ್ಲು. "ಇಲ್ಲಮ್ಮ" ಅಂದೆ. ಆಮೇಲೆ ಎಷ್ಟು ಹೊತ್ತು ಮಾತಾಡಿದೆನೋ ಗೊತ್ತಿಲ್ಲ, ಸತ್ತುಹೋದ ನಿನ್ನ ಮಾವನ ಮೇಲಿನ ಸಿಟ್ಟನ್ನೆಲ್ಲ ಆ ಹುಡುಗಿಯ ಕಿವಿಗೆ ಸುರಿದೆ. ಪಾಪ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡ್ಲು.

ನಿನ್ನ ವಕೀಲೆಯನ್ನ ಕಂಡು ಬಂದೆ. ಕೋರ್ಟಿನಲ್ಲಿ ಇದ್ದದ್ದು ಹೇಳ್ತೀನಿ. ತಪ್ಪಾಯ್ತು ಅಂತ ನಿನ್ನ ಹತ್ತಿರ ಹೇಗೆ ಕೇಳಬೇಕೋ ತಿಳೀತಿಲ್ಲ.

ನಿನ್ನ ಅತ್ತೆ


ಜೂನ್ 14

ಅತ್ತೆ,

ಕೋರ್ಟಿನ ಮೊಗಸಾಲೆಯಲ್ಲಿ ನೀವು ನನ್ನ ಕಡೆ ಬಂದ್ರಿ, ನಾನು ಮುಖ ತಿರುಗಿಸಿ ಹೋದೆ. ಯಾಕೆ ಅಂತ ಹೇಳ್ಬೇಕು.

ನೀವು ಮೂಳೆಯ ವಿಷಯ ಹೇಳಿದ್ರಿ. ನಿಮ್ಮದೇ ತೋಳು ಎತ್ತಿ, ಹೀಗೆ ಬಿದ್ರೆ ಇಲ್ಲಿ, ಹೀಗೆ ಅಡ್ಡ ಹಿಡಿದ್ರೆ ಇಲ್ಲಿ ಅಂತ ಬೆರಳಿಟ್ಟು ತೋರಿಸಿದ್ರಿ. ಅವನು ಆಡಿದ ಮಾತನ್ನ ಅವನ ಎದುರಿಗೇ, ಅವನ ದನಿಯಲ್ಲೇ ಹೇಳಿದ್ರಿ. ಅವನು ಎದ್ದು "ಇವಳು ನನ್ನ ತಾಯೀನೇ ಅಲ್ಲ" ಅಂತ ಕಿರುಚಿದ. ನ್ಯಾಯಾಧೀಶರು ಗದರಿ ಕೂರಿಸಿದ್ರು. ನೀವು ಬೆಚ್ಚಲಿಲ್ಲ. ನಾನು ಬೆಚ್ಚಿದೆ. 

ಆಮೇಲೆ ಅವನ ವಕೀಲ ನಿಮ್ಮನ್ನ ಕೇಳಿದ, "ಇಷ್ಟೆಲ್ಲ ಗೊತ್ತಿದ್ರೆ ಎರಡು ವರ್ಷ ಯಾಕೆ ಸುಮ್ಮನಿದ್ರಿ? ಹೆದರಿಕೆಯಾ?" ಹೌದು ಅಂತೀರಿ ಅಂದುಕೊಂಡೆ. ನೀವು ಹೇಳಿದ್ರಿ, "ಹೆದರಿಕೆ ಅಲ್ಲ. ಅಭ್ಯಾಸ."

ಅದನ್ನ ಕೇಳಿ ನನಗೆ ಬಂದ ಸಿಟ್ಟು ಅವನ ಮೇಲೂ ಬಂದಿರಲಿಲ್ಲ. ನಾನು ಒದ್ದಾಡಿದ್ದೆಲ್ಲ ನಿಮಗೆ ಅಭ್ಯಾಸ! ಅದಕ್ಕೇ ಮುಖ ತಿರುಗಿಸಿದೆ. ನೇರ ಸೋಫಾ ಅಂಗಡಿಗೆ ಬಂದೆ, ಹೋದ ತಿಂಗಳಿಂದ ಮತ್ತೆ ಅಲ್ಲೇ ಕೆಲಸ. ಮೊಳೆಯಮ್ಮ ನನ್ನ ಮುಖ ನೋಡಿ ಏನೂ ಕೇಳದೆ ಒಂದು ಹಳೇ ಮೂರಾಳಿನ ಸೋಫಾ ತೋರಿಸಿದ್ರು. ಸಂಜೆಯವರೆಗೆ ಮೊಳೆ ಕಿತ್ತೆ, ಬಟ್ಟೆ ಹರಿದೆ, ಸ್ಪ್ರಿಂಗ್ ಕಿತ್ತೆಸೆದೆ. ಕೊನೆಗೆ ಮರದ ಚೌಕಟ್ಟು ಮಾತ್ರ ಉಳೀತು. ಅದರ ಮೇಲೆ ಕೂತು ಯೋಚನೆ ಮಾಡಿದೆ. ಹೆದರಿಕೆ ಅಂದಿದ್ರೆ ಎಲ್ಲರೂ ಅಯ್ಯೋ ಅಂತಿದ್ರು. ನಿಮಗೆ ಅದು ಬೇಕಾಗಿರಲಿಲ್ಲ.

ರಕ್ಷಣೆಯ ಆದೇಶ ಕೈಗೆ ಬಂದಿದೆ. ಅವನು ನನ್ನ ಕೆಲಸದ ಜಾಗಕ್ಕಾಗಲಿ, ಇರೋ ಜಾಗಕ್ಕಾಗಲಿ ಬರೋ ಹಾಗಿಲ್ಲ, ನಿಮ್ಮ ಮನೆಗೂ ಬರೋ ಹಾಗಿಲ್ಲ. ನಾನೂ ಟೈಪಿಸ್ಟೂ ಸೇರಿ ಒಂದು ಸಣ್ಣ ಮನೆ ನೋಡಿದ್ದೀವಿ.

ತಪ್ಪಾಯ್ತು ಅಂತ ಹೇಗೆ ಕೇಳಲಿ ಅಂದಿದ್ರಿ. ಕೇಳಬೇಡಿ. ಕೇಳಿದ್ರೆ ನಾನು ಏನಾದ್ರೂ ಕೊಡಬೇಕಾಗುತ್ತೆ, ನನ್ನ ಹತ್ತಿರ ಈಗ ಇಲ್ಲ.

ನಿಮ್ಮ ಸೊಸೆ


ಜುಲೈ 22

ಅತ್ತೆ,

ಇದು ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳೋದು ಬೇಡ ಅಂತ ನಾನೇ ಬರೀತಿದ್ದೀನಿ.

ನಿನ್ನೆ ಮಧ್ಯಾಹ್ನ ಅವನು ಅಂಗಡಿಗೆ ಬಂದ. ಇಸ್ತ್ರಿ ಮಾಡಿದ ಷರ್ಟು, ನಗುಮುಖ, ಕೈಯಲ್ಲಿ ಹೂವು. "ಐದೇ ನಿಮಿಷ ಮಾತಾಡಬೇಕು" ಅಂದ. ನಾನು ಆದೇಶ ಇದೆ, ಹೋಗು ಅಂದೆ. ಹೂವು ನೆಲಕ್ಕೆ ಬಿತ್ತು, ಕತ್ತರಿಸೋ ಮೇಜಿನ ಮೇಲಿದ್ದ ಸುತ್ತಿಗೆ ಅವನ ಕೈಗೆ ಬಂತು. ಮೊಳೆಯಮ್ಮ ನನ್ನ ಮುಂದೆ ಬಂದು ನಿಂತ್ರು. ಹೊಲಿಗೆ ಯಂತ್ರದ ಇಬ್ಬರು ಹೆಂಗಸರು ಎರಡೂ ಪಕ್ಕಕ್ಕೆ ಬಂದ್ರು. ಯಾರೂ ಕೂಗಲಿಲ್ಲ. ನಾನು ಅವನನ್ನೇ ನೋಡ್ತಾ ಪೊಲೀಸರಿಗೆ ಫೋನ್ ಮಾಡಿದೆ. ಅಂಗಡಿಯ ವಿಳಾಸ ಹೇಳಿದೆ, ನನ್ನ ಹೆಸರು ಹೇಳಿದೆ, ಅವನ ಹೆಸರು ಹೇಳಿದೆ. ನನ್ನ ದನಿ ನಡುಗಲಿಲ್ಲ ಅತ್ತೆ.

ಕರೆದುಕೊಂಡು ಹೋದ್ರು. ಠಾಣೆಯಲ್ಲಿದ್ದಾನೆ.

ನಿಮಗೆ ಅಳು ಬಂದ್ರೆ ಅಳಿ. ಹೆತ್ತವರು ನೀವು, ನಾನು ತಪ್ಪು ತಿಳಿಯೋದಿಲ್ಲ. ಆದ್ರೆ ದೂರು ವಾಪಸ್ ತೆಗೆದುಕೋ ಅಂತ ಮಾತ್ರ ಬರೀಬೇಡಿ.

ನಿಮ್ಮ ಸೊಸೆ


ಜುಲೈ 25

ಮಗು,

ಅತ್ತುಬಿಟ್ಟೆ. ನೀನು ಅಳಿ ಅಂದಿದ್ದಕ್ಕಲ್ಲ, ಬಂತು. ಅವನು ಹುಟ್ಟಿದಾಗ ಅವನಪ್ಪ ವಾರ್ಡಿನ ಬಾಗಿಲಲ್ಲಿ ನಿಂತು "ನನ್ನ ಮಗ ನನ್ನ ಹಾಗೇ ಆಗ್ತಾನೆ" ಅಂದಿದ್ರು. ಆಗಲೇ ಎದ್ದು ಹೊರಗೆ ನಡೆಯಬೇಕಿತ್ತು ನಾನು, ಕೂಸನ್ನ ಎತ್ತಿಕೊಂಡು. ನಡೆಯಲಿಲ್ಲ. ಮನೆಯೊಳಗೆ ದಿನಾ ನೋಡಿದ್ದನ್ನೇ ಅವನು ಕಲಿತ. ಹಾಗಂತ ಅವನು ಮಾಡಿದ್ದರ ಭಾರ ನಾನು ಹೊರೋದಿಲ್ಲ. ಅದೇ ಮನೆಯಲ್ಲಿ ಬೆಳೆದವನಿಗೆ ಅಂಗಡಿಯಲ್ಲಿ ಮುದುಕರ ಜೊತೆ ಮೆತ್ತಗೆ ಮಾತಾಡೋಕೆ ಬರುತ್ತೆ, ಅಂದ್ರೆ ಕೈ ತಡೆಯೋಕೂ ಬರುತ್ತೆ. ತಡೆಯಲಿಲ್ಲ. ಅಷ್ಟೇ.

ಮುಖ ತೊಳೆದುಕೊಂಡು ಅನ್ನ ಮಾಡಿದೆ. ಡಬ್ಬಿ ಕಟ್ಟಿದೆ. ಬಡಗಿಯನ್ನ ಜೊತೆಗೆ ಕರೆದುಕೊಂಡು ಠಾಣೆಗೆ ಹೋದೆ, ಕೋರ್ಟು ಅವನನ್ನ ಇನ್ನೂ ಪೊಲೀಸರ ವಶದಲ್ಲೇ ಇಟ್ಟಿದೆ.

ಸರಳುಗಳ ಹಿಂದೆ ಗೋಡೆಗೊರಗಿ ಕೂತಿದ್ದ. ನನ್ನನ್ನ ನೋಡಿದ್ದೇ ಎದ್ದು ಬಂದ. ಆ ಷರ್ಟು ಮುದುರಿಹೋಗಿತ್ತು. ಕೋರ್ಟಿನಲ್ಲಿ ತಾಯಿಯೇ ಅಲ್ಲ ಅಂದವನು "ಅಮ್ಮಾ" ಅಂದ. ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿ, "ಬರ್ತೀಯ ಅಂತ ಗೊತ್ತಿತ್ತು. ಇಲ್ಲಿಂದ ಬಿಡಿಸು ನನ್ನ. ಒಂದು ಸಹಿ ಹಾಕಿದ್ರೆ ಸಾಕಂತೆ" ಅಂದ.

ಡಬ್ಬಿಯನ್ನ ಪೇದೆಯ ಕೈಗೆ ಕೊಟ್ಟೆ. ಅವಳು ಮುಚ್ಚಳ ತೆಗೆದು ನೋಡಿ ಅವನ ಮುಂದೆ ಇಟ್ಟಳು.

"ಊಟ ತಂದಿದ್ದೀನಿ ಕಣೋ," ಅಂದೆ. "ಜಾಮೀನು ತಂದಿಲ್ಲ."

ಇಂತಿ,
ಅವನ ತಾಯಿ